ಸಾಂಸ್ಥಿಕ ಜನಾಂಗೀಯ ತಾರತಮ್ಯವನ್ನು ಅಳೆಯುವುದು ಹೇಗೆ? ಅಮೆರಿಕದ ಅಂಕಿಅಂಶಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಪ್ಪು ವರ್ಣೀಯರು ಮತ್ತು ಬಿಳಿಯರ ನಡುವೆ ಆದಾಯ, ಆಸ್ತಿ, ಆರೋಗ್ಯ, ಶಿಕ್ಷಣಗಳಲ್ಲಿರುವ ಅಂತರದ ಅಂಕಿಗಳು ಕನ್ನಡ ಪತ್ರಿಕೆಗಳಲ್ಲೂ ಆಗಾಗ ಬರುತ್ತವೆ. ಆ ಅಂಕಿಗಳಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಲಾಗದು ಎಂಬ ಗೊಂದಲ ಮಾತ್ರ ಹಾಗೆಯೇ ಉಳಿದಿದೆ. ಕೆಲವರು ಕಂಡ ಅಂತರವನ್ನೆಲ್ಲ ತಾರತಮ್ಯದ ಪುರಾವೆಯೆಂದು ಎತ್ತಿ ಹಿಡಿಯುತ್ತಾರೆ. ಮತ್ತೆ ಕೆಲವರು ಯಾವ ಅಂತರದಿಂದಲೂ ಏನೂ ಸಾಬೀತಾಗುವುದಿಲ್ಲವೆಂದು ತಳ್ಳಿಹಾಕುತ್ತಾರೆ. ಅಂತರವೊಂದು ಕಣ್ಣಿಗೆ ಬಿದ್ದಾಗ ಅದು ಯಾವ ಹಂತದಲ್ಲಿ, ಯಾವ ನಿಯಮದಿಂದ, ಯಾವ ಕಚೇರಿಯ ಮೇಜಿನ ಮೇಲೆ ಹುಟ್ಟಿತು ಎಂದು ಹುಡುಕಿ ತೆಗೆಯುವ ಶ್ರಮವನ್ನು ಇಬ್ಬರೂ ತಪ್ಪಿಸಿಕೊಳ್ಳುತ್ತಾರೆ. ಈ ಪುಟ ಆ ಶ್ರಮದ ಕುರಿತಾದದ್ದು.

ಸಾಂಸ್ಥಿಕ ಜನಾಂಗೀಯ ತಾರತಮ್ಯ ಎಂದರೇನು? ಅದು ವ್ಯಕ್ತಿಯೊಬ್ಬನ ದ್ವೇಷಕ್ಕಿಂತ ಹೇಗೆ ಬೇರೆ?

ಈ ಪರಿಕಲ್ಪನೆಗೆ ಸ್ಪಷ್ಟ ರೂಪ ಬಂದದ್ದು 1967ರಲ್ಲಿ, ನಾಗರಿಕ ಹಕ್ಕುಗಳ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ ಅವರಿಂದ. ಅವರು ಕೊಟ್ಟ ಉದಾಹರಣೆ ಇಂದಿಗೂ ಮನಸ್ಸನ್ನು ಕಲಕುತ್ತದೆ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ 1963ರಲ್ಲಿ ಚರ್ಚೊಂದಕ್ಕೆ ಬಾಂಬ್ ಇಟ್ಟು ನಾಲ್ವರು ಕಪ್ಪು ಬಾಲಕಿಯರನ್ನು ಕೊಂದದ್ದು ವ್ಯಕ್ತಿಗಳ ದ್ವೇಷದ ಕೃತ್ಯ; ಅದನ್ನು ಇಡೀ ದೇಶ ಖಂಡಿಸಿತು. ಅದೇ ನಗರದಲ್ಲಿ ಸರಿಯಾದ ಆಹಾರ, ವಸತಿ, ವೈದ್ಯಕೀಯ ಸೌಲಭ್ಯಗಳಿಲ್ಲದೆ ಪ್ರತಿ ವರ್ಷ ನೂರಾರು ಕಪ್ಪು ಶಿಶುಗಳು ಸಾಯುವುದು ಸಂಸ್ಥೆಗಳ ಕೃತ್ಯ. ಅದನ್ನು ಖಂಡಿಸಲು ಯಾರೂ ಬೀದಿಗೆ ಇಳಿಯುವುದಿಲ್ಲ, ಏಕೆಂದರೆ ಬೆರಳು ತೋರಿಸಬಹುದಾದ ಆರೋಪಿ ಅಲ್ಲಿ ಇಲ್ಲ.

ಆರೋಪಿ ಇಲ್ಲದ ಕಡೆ ಅಂಕಿಅಂಶವೇ ಸಾಕ್ಷಿ ಹೇಳಬೇಕಾಗುತ್ತದೆ. ಬ್ರಿಟನ್ನಿನಲ್ಲಿ 1993ರಲ್ಲಿ ಕೊಲೆಯಾದ ಯುವಕ ಸ್ಟೀಫನ್ ಲಾರೆನ್ಸ್ ಪ್ರಕರಣದ ತನಿಖೆ ಹಳ್ಳ ಹಿಡಿದ ಬಗೆಯನ್ನು ಪರಿಶೀಲಿಸಿದ ಮ್ಯಾಕ್‌ಫರ್ಸನ್ ವಿಚಾರಣೆಯು 1999ರ ತನ್ನ ವರದಿಯಲ್ಲಿ ಇದೇ ಪರಿಕಲ್ಪನೆಯನ್ನು ಬಳಸಿತು. ಬಣ್ಣ, ಸಂಸ್ಕೃತಿ ಅಥವಾ ಮೂಲದ ಕಾರಣಕ್ಕೆ ಜನರಿಗೆ ತಕ್ಕ ಸೇವೆ ಒದಗಿಸುವಲ್ಲಿ ಸಂಸ್ಥೆಯೊಂದು ಒಟ್ಟಾಗಿ ಸೋಲುವುದು ಎಂದು ಅದು ವಿವರಿಸಿತು. ಇಲ್ಲಿ ನೋಡುವುದು ಫಲಿತಾಂಶವನ್ನು. ಸಿಬ್ಬಂದಿಯ ಅಂತರಂಗದ ಪರೀಕ್ಷೆ ಇದರ ಉದ್ದೇಶವಲ್ಲ.

ಸಾಮಾನ್ಯವಾಗಿ ಯಾವ ಅಂಕಿಗಳನ್ನು ಹೋಲಿಸುತ್ತಾರೆ?

ಆದಾಯ, ಆಸ್ತಿ, ನಿರುದ್ಯೋಗ, ಸ್ವಂತ ಮನೆ, ಶಿಶುಮರಣ, ಬಾಣಂತಿಯರ ಸಾವು, ಶಾಲೆಗೆ ಸಿಗುವ ಹಣ, ಪೊಲೀಸ್ ತಪಾಸಣೆ, ಜೈಲುಶಿಕ್ಷೆಯ ಅವಧಿ ಇವು ಮುಖ್ಯವಾದವು. 2022ರ ಅಂಕಿಗಳನ್ನೇ ತೆಗೆದುಕೊಳ್ಳೋಣ. ಜನಗಣತಿ ಇಲಾಖೆಯ ಪ್ರಕಾರ ಕಪ್ಪು ಕುಟುಂಬಗಳ ವಾರ್ಷಿಕ ಆದಾಯದ ಮಧ್ಯಾಂಕ ಸುಮಾರು 53 ಸಾವಿರ ಡಾಲರ್, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದ) ಅಲ್ಲದ ಬಿಳಿಯ ಕುಟುಂಬಗಳದ್ದು ಸುಮಾರು 81 ಸಾವಿರ ಡಾಲರ್. ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ ಒಂದು ವರ್ಷ ತುಂಬುವ ಮೊದಲೇ ಸತ್ತವು ಕಪ್ಪು ತಾಯಂದಿರಲ್ಲಿ ಸುಮಾರು 10.9, ಬಿಳಿಯ ತಾಯಂದಿರಲ್ಲಿ ಸುಮಾರು 4.5. ನಿರುದ್ಯೋಗದಲ್ಲಿ ಕಪ್ಪು ವರ್ಣೀಯರ ಪ್ರಮಾಣ ಬಿಳಿಯರ ಹೆಚ್ಚುಕಡಿಮೆ ಎರಡರಷ್ಟಿರುವುದು ದಶಕಗಳಿಂದ, ಆರ್ಥಿಕತೆ ಏರಲಿ ಇಳಿಯಲಿ, ಬಹುಮಟ್ಟಿಗೆ ಬದಲಾಗದೆ ಬಂದಿದೆ.

ಮಧ್ಯಾಂಕ ಎಂದರೆ ಎಲ್ಲ ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಕುಟುಂಬದ ಆದಾಯ. ಬೆರಳೆಣಿಕೆಯ ಕೋಟ್ಯಧಿಪತಿಗಳು ಸರಾಸರಿಯನ್ನು ಮೇಲೆಳೆದುಬಿಡುವುದರಿಂದ ಇಂತಹ ಹೋಲಿಕೆಗಳಲ್ಲಿ ಮಧ್ಯಾಂಕವನ್ನೇ ಬಳಸುವುದು ರೂಢಿ.

ಆದಾಯಕ್ಕಿಂತ ಆಸ್ತಿಯ ಅಂತರಕ್ಕೆ ಏಕೆ ಹೆಚ್ಚು ಮಹತ್ವ ಕೊಡುತ್ತಾರೆ?

ಆದಾಯ ಈ ವರ್ಷದ ಕಥೆ ಹೇಳಿದರೆ, ಆಸ್ತಿ ತಾತ ಮುತ್ತಾತಂದಿರ ಕಾಲದಿಂದ ಬಂದ ಕಥೆಯನ್ನು ಹೇಳುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ನಡೆಸುವ ಕುಟುಂಬ ಹಣಕಾಸು ಸಮೀಕ್ಷೆಯ 2022ರ ಸುತ್ತಿನಲ್ಲಿ, ಸಾಲ ಕಳೆದು ಉಳಿದ ಆಸ್ತಿಯ ಮಧ್ಯಾಂಕ ಬಿಳಿಯ ಕುಟುಂಬಗಳಲ್ಲಿ ಸುಮಾರು 2,85,000 ಡಾಲರ್, ಕಪ್ಪು ಕುಟುಂಬಗಳಲ್ಲಿ ಸುಮಾರು 44,900 ಡಾಲರ್. ಆದಾಯದಲ್ಲಿ ಒಂದೂವರೆ ಪಟ್ಟು ಇದ್ದ ಅಂತರ ಆಸ್ತಿಗೆ ಬಂದಾಗ ಆರು ಪಟ್ಟು ದಾಟುತ್ತದೆ. ಸಂಬಳದ ವ್ಯತ್ಯಾಸವೊಂದರಿಂದಲೇ ಇಷ್ಟು ದೊಡ್ಡ ಕಂದಕ ಹುಟ್ಟುವುದಿಲ್ಲ.

ಹಾಗಾದರೆ ಅದು ಎಲ್ಲಿಂದ ಬಂತು? ಗುಲಾಮಗಿರಿಯ ಕಾಲದ ಶೂನ್ಯ ಆರಂಭ ಒಂದು ಕಾರಣ. ಇನ್ನೊಂದು ಕಾರಣವನ್ನು ಹತ್ತಿರದಿಂದ ನೋಡಲು 1930ರ ದಶಕದ ಕಾಗದಪತ್ರಗಳೇ ಉಳಿದಿವೆ. ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1933ರಲ್ಲಿ, ಗೃಹಸಾಲಗಳನ್ನು ಉಳಿಸಲೆಂದು ಫೆಡರಲ್ ಸರ್ಕಾರ ಒಂದು ನಿಗಮವನ್ನು ಸ್ಥಾಪಿಸಿತು. ಆ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಸಾಲಕ್ಕೆ ಯಾವ ಬಡಾವಣೆ ಎಷ್ಟು ಸುರಕ್ಷಿತವೆಂದು ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿಸಿತು; ಹಸಿರು ಅತಿ ಸುರಕ್ಷಿತ, ಕೆಂಪು ಅತಿ ಅಪಾಯಕಾರಿ. ಪ್ರತಿ ಬಡಾವಣೆಗೂ ಒಂದು ನಮೂನೆ ಭರ್ತಿಯಾಗುತ್ತಿತ್ತು. ಅದರಲ್ಲಿ ಮನೆಗಳ ವಯಸ್ಸು, ಕಟ್ಟಡದ ಸ್ಥಿತಿ, ಬಾಡಿಗೆಗಳ ಜೊತೆಗೆ ನಿವಾಸಿಗಳ ವಿವರಕ್ಕೂ ಜಾಗವಿತ್ತು: ಕಪ್ಪು ವರ್ಣೀಯರು ಇದ್ದಾರೆಯೇ, ಶೇಕಡ ಎಷ್ಟು, ವಿದೇಶದಲ್ಲಿ ಹುಟ್ಟಿದವರು ಶೇಕಡ ಎಷ್ಟು, ಮತ್ತು ಯಾರು ಬಡಾವಣೆಯೊಳಗೆ ‘ನುಸುಳುತ್ತಿದ್ದಾರೆ’. ಇದು ಬೀದಿಯಲ್ಲಿ ಕೇಳಿದ ಬೈಗುಳವಲ್ಲ, ಸರ್ಕಾರಿ ನಮೂನೆಯ ಅಚ್ಚಾದ ಸಾಲು. ಕಪ್ಪು ವರ್ಣೀಯರು ವಾಸಿಸುತ್ತಿದ್ದ ಬಡಾವಣೆಗಳು ಬಹುಪಾಲು ಕೆಂಪಾದವು.

ಆ ನಕ್ಷೆಗಳು ಎಷ್ಟು ಹಾನಿ ಮಾಡಿದವು ಎಂಬುದರಲ್ಲಿ ಅರ್ಥಶಾಸ್ತ್ರಜ್ಞರು ಒಮ್ಮತಕ್ಕೆ ಬಂದಿಲ್ಲ. ಬಣ್ಣಗಳ ಗಡಿರೇಖೆಯ ಆಚೆ ಈಚೆಗಿನ ಬೀದಿಗಳನ್ನು ಹೋಲಿಸಿದ ಷಿಕಾಗೊ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು, ಕೆಳದರ್ಜೆ ಪಡೆದ ಬದಿಯಲ್ಲಿ ಸ್ವಂತ ಮನೆಗಳ ಪ್ರಮಾಣವೂ ಮನೆಗಳ ಬೆಲೆಯೂ ಮುಂದಿನ ದಶಕಗಳಲ್ಲಿ ಹಿಂದುಳಿದುದನ್ನು ಕಂಡರು. ನಕ್ಷೆಗಳು ಆಗಲೇ ಇದ್ದ ಸ್ಥಿತಿಯನ್ನು ದಾಖಲಿಸಿದವಷ್ಟೇ, ನಿಜವಾದ ಪೆಟ್ಟು ಬಿದ್ದದ್ದು 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತದ ಸಾಲ ಖಾತರಿ ನಿಯಮಗಳಿಂದ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಈ ವಾದದ ತೂಕವನ್ನು ಒಪ್ಪಬೇಕು. ಆದರೆ ವಿವಾದ ಯಾವ ಸಂಸ್ಥೆಯ ಪಾಲು ಎಷ್ಟು ಎಂಬುದರ ಬಗ್ಗೆ ಇದೆಯೇ ಹೊರತು, ಸಂಸ್ಥೆಗಳಿಗೆ ಪಾಲಿತ್ತೇ ಎಂಬುದರ ಬಗ್ಗೆ ಇಲ್ಲ. ಇಂತಹ ತಾರತಮ್ಯ ಕಾನೂನುಬಾಹಿರವಾದದ್ದು 1968ರ ನ್ಯಾಯಯುತ ವಸತಿ ಕಾಯ್ದೆಯಿಂದ. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಮನೆ ಕೊಳ್ಳುವ ವಯಸ್ಸನ್ನು ದಾಟಿತ್ತು, ಮತ್ತು ಮಧ್ಯಮ ವರ್ಗದ ಅಮೆರಿಕನ್ನರ ಆಸ್ತಿಯ ದೊಡ್ಡ ಪಾಲು ಮನೆಯೇ ಆಗಿತ್ತು.

ಅಂತರ ಇದ್ದ ಮಾತ್ರಕ್ಕೆ ತಾರತಮ್ಯ ನಡೆದಿದೆ ಎನ್ನಬಹುದೇ?

ಇಲ್ಲ. ಎರಡು ಸಮುದಾಯಗಳ ಸರಾಸರಿ ವಯಸ್ಸು ಬೇರೆಯಿರಬಹುದು, ವಾಸಿಸುವ ರಾಜ್ಯಗಳು ಬೇರೆಯಿರಬಹುದು, ಕುಟುಂಬದಲ್ಲಿ ದುಡಿಯುವವರ ಸಂಖ್ಯೆ ಬೇರೆಯಿರಬಹುದು. ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್ ದಶಕಗಳಿಂದ ಒತ್ತಿ ಹೇಳುತ್ತ ಬಂದಿರುವುದು ಇದನ್ನೇ: ಯಾವ ತಾರತಮ್ಯವೂ ಇಲ್ಲದ ಜಗತ್ತಿನಲ್ಲೂ ಎಲ್ಲ ಗುಂಪುಗಳ ಫಲಿತಾಂಶ ಸರಿಸಮವಾಗಿರುತ್ತದೆ ಎಂದು ನಿರೀಕ್ಷಿಸಲು ಆಧಾರವಿಲ್ಲ. ಈ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳದ ಅಧ್ಯಯನವನ್ನು ನಂಬಲಾಗದು.

ಅದೇ ಎಚ್ಚರಿಕೆಯನ್ನು ಹಿಂದುಮುಂದಾಗಿಸಿಯೂ ಓದಬೇಕಾಗುತ್ತದೆ. ಬೇರೆ ಕಾರಣಗಳು ಇರಬಹುದು ಎಂದ ಮಾತ್ರಕ್ಕೆ ಬೇರೆ ಕಾರಣಗಳು ಇವೆ ಎಂದಾಗುವುದಿಲ್ಲ. ಅವನ್ನೂ ಎಣಿಸಿ ತೋರಿಸಬೇಕು. ಸಂಸ್ಥೆಯ ಬಳಿ ಕಡತಗಳಿವೆ, ಅರ್ಜಿಗಳಿವೆ, ಸಿಬ್ಬಂದಿ ಇದ್ದಾರೆ. ಅರ್ಜಿ ತಿರಸ್ಕೃತವಾದವನ ಕೈಯಲ್ಲಿ ತನ್ನ ತಿರಸ್ಕಾರದ ಪತ್ರ ಒಂದೇ ಇರುತ್ತದೆ. ಆದ್ದರಿಂದ ವಿವರಣೆ ಕೊಡುವ ಹೊಣೆ ಸಂಸ್ಥೆಯ ಮೇಲೆಯೇ ಹೆಚ್ಚಾಗಿರಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

‘ಇತರ ಅಂಶಗಳನ್ನು ಸರಿದೂಗಿಸಿದಾಗ ಅಂತರ ಕಡಿಮೆಯಾಯಿತು’ ಎಂದು ವರದಿಗಳು ಹೇಳುತ್ತವೆ. ಇದರ ಅರ್ಥವೇನು?

ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಗುರಿಯಾದ ವಾಕ್ಯ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಸರಿದೂಗಿಸುವುದು ಎಂದರೆ ಆದಾಯ, ಸಾಲದ ಚರಿತ್ರೆಯಂತಹ ಅಂಶಗಳು ಒಂದೇ ತೆರನಾಗಿರುವವರನ್ನು ಮಾತ್ರ ಪರಸ್ಪರ ಹೋಲಿಸಿದಂತೆ ಲೆಕ್ಕ ಹಾಕುವುದು.

ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕ್ 1990ರ ದಶಕದ ಆರಂಭದಲ್ಲಿ ನಡೆಸಿದ ಗೃಹಸಾಲ ಅಧ್ಯಯನ ಒಳ್ಳೆಯ ಉದಾಹರಣೆ. ಬ್ಯಾಂಕುಗಳು ಗೃಹಸಾಲದ ವಿವರಗಳನ್ನು ಬಹಿರಂಗಪಡಿಸಬೇಕೆಂಬ ಕಾಯ್ದೆ 1975ರಲ್ಲೇ ಬಂದಿತ್ತು. ಆ ವಿವರಗಳ ಪ್ರಕಾರ ಅಲ್ಪಸಂಖ್ಯಾತ ಅರ್ಜಿದಾರರಿಗೆ ಸಾಲ ನಿರಾಕರಣೆಯಾಗುವ ಪ್ರಮಾಣ ಬಿಳಿಯರ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಅವರ ಹಳೆಯ ಸಾಲಗಳ ಚರಿತ್ರೆ ಹೇಗಿದೆ, ಕೈಯಿಂದ ಎಷ್ಟು ಹಣ ಹಾಕುತ್ತಿದ್ದಾರೆ ಎಂಬ ಮಾಹಿತಿ ಅದರಲ್ಲಿಲ್ಲವಲ್ಲ ಎಂದು ಬ್ಯಾಂಕುಗಳು ಆಕ್ಷೇಪಿಸಿದವು. ಆಕ್ಷೇಪ ನ್ಯಾಯವಾದದ್ದೇ. ಸಂಶೋಧಕರು ಆ ಮಾಹಿತಿಯನ್ನೂ ಬ್ಯಾಂಕುಗಳಿಂದಲೇ ತರಿಸಿಕೊಂಡು ಮತ್ತೆ ಲೆಕ್ಕ ಹಾಕಿದರು. ಅಂತರ ಗಣನೀಯವಾಗಿ ಕುಗ್ಗಿತು, ಆದರೆ ಮಾಯವಾಗಲಿಲ್ಲ. ಹಣಕಾಸಿನ ಸ್ಥಿತಿ ಒಂದೇ ತೆರನಾಗಿದ್ದ ಅರ್ಜಿದಾರರಲ್ಲೂ ಬಣ್ಣ ತನ್ನ ಪಾತ್ರವನ್ನು ವಹಿಸುತ್ತಲೇ ಇತ್ತು.

ಈಗ ಕಷ್ಟದ ಭಾಗ. ಸರಿದೂಗಿಸಿದ ಬಳಿಕ ಉಳಿದ ಅಂತರ ಮಾತ್ರ ತಾರತಮ್ಯ, ಕುಗ್ಗಿದ ಭಾಗಕ್ಕೆ ತಾರತಮ್ಯದ ಸೋಂಕಿಲ್ಲ ಎಂದು ಹಲವರು ಓದುತ್ತಾರೆ. ಕೈಯಿಂದ ಹಾಕುವ ಹಣ ಎಲ್ಲಿಂದ ಬರುತ್ತದೆ? ಬಹಳಷ್ಟು ಬಾರಿ ತಂದೆತಾಯಿಯರಿಂದ. ತಂದೆತಾಯಿಯರ ಹಣ ಅವರ ಮನೆಯ ಬೆಲೆಯಿಂದ. ಆ ಮನೆ ಕೆಂಪು ಬಣ್ಣದ ಬಡಾವಣೆಯಲ್ಲಿದ್ದರೆ, ಅಥವಾ ಮನೆಯನ್ನೇ ಕೊಳ್ಳಲಾಗದೆ ಹೋಗಿದ್ದರೆ, ಇಂದಿನ ಬ್ಯಾಂಕು ಯಾವ ಪಕ್ಷಪಾತವನ್ನೂ ತೋರದೆಯೇ ಹಳೆಯ ಪಕ್ಷಪಾತದ ಫಲವನ್ನು ಮುಂದಿನ ಪೀಳಿಗೆಗೆ ದಾಟಿಸುತ್ತದೆ. ‘ಆರ್ಥಿಕ ಸ್ಥಿತಿಯನ್ನು ಸರಿದೂಗಿಸಿದ್ದೇವೆ’ ಎನ್ನುವಾಗ ನಾವು ಆ ಇಡೀ ಚರಿತ್ರೆಯನ್ನು ಲೆಕ್ಕದಿಂದ ಹೊರಗೆ ತೆಗೆದಿರುತ್ತೇವೆ.

ಇದರಿಂದ ಸರಿದೂಗಿಸುವುದೇ ಮೋಸ ಎಂದಾಗುವುದಿಲ್ಲ. ಪ್ರಶ್ನೆ ಯಾವುದು ಎಂಬುದನ್ನು ಅವಲಂಬಿಸಿ ಲೆಕ್ಕ ಬದಲಾಗುತ್ತದೆ. ಈ ಶಾಖೆಯ ಈ ಅಧಿಕಾರಿ ತಪ್ಪು ಮಾಡಿದನೇ ಎಂಬುದು ಪ್ರಶ್ನೆಯಾದರೆ ಅರ್ಜಿದಾರರ ಆರ್ಥಿಕ ಸ್ಥಿತಿಯನ್ನು ಸರಿದೂಗಿಸಲೇಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ಇಡೀ ಸಾಲ ವ್ಯವಸ್ಥೆ ಕಪ್ಪು ಕುಟುಂಬಗಳಿಗೆ ಒಟ್ಟಾರೆ ಏನು ಮಾಡಿದೆ ಎಂಬುದು ಪ್ರಶ್ನೆಯಾದರೆ ಅದೇ ಸ್ಥಿತಿಯನ್ನು ಸರಿದೂಗಿಸುವುದು ತಪ್ಪು, ಏಕೆಂದರೆ ಆ ಸ್ಥಿತಿಯೇ ವ್ಯವಸ್ಥೆಯ ಉತ್ಪನ್ನ. ಎರಡು ಲೆಕ್ಕಗಳೂ ಬೇಕು, ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಪ್ರಕಟಿಸಬೇಕು.

ಹೋಲಿಕೆಯನ್ನು ಬಾಲ್ಯದಿಂದಲೇ ಆರಂಭಿಸುವುದು ಇನ್ನೊಂದು ದಾರಿ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಹೋದ್ಯೋಗಿಗಳು ಸುಮಾರು 2 ಕೋಟಿ ಅಮೆರಿಕನ್ನರ ದಾಖಲೆಗಳನ್ನು ಇಟ್ಟುಕೊಂಡು, ಒಂದೇ ಆದಾಯದ ಕುಟುಂಬಗಳಲ್ಲಿ ಬೆಳೆದ ಕಪ್ಪು ಮತ್ತು ಬಿಳಿಯ ಹುಡುಗರು ದೊಡ್ಡವರಾದಾಗ ಏನಾದರು ಎಂದು ನೋಡಿದರು. ಜನಗಣತಿಯ ಕಿರುವಲಯಗಳ ಪೈಕಿ ಶೇ 99ರಷ್ಟರಲ್ಲಿ ಕಪ್ಪು ಹುಡುಗರೇ ಕಡಿಮೆ ಗಳಿಸುವವರಾದರು. ಹುಡುಗಿಯರ ವೈಯಕ್ತಿಕ ಗಳಿಕೆಯಲ್ಲಿ ಮಾತ್ರ ಅಂತಹ ಅಂತರ ಕಾಣಲಿಲ್ಲ. ಒಂದೇ ಬೀದಿ, ಒಂದೇ ಆದಾಯ, ಆದರೂ ಹುಡುಗರಿಗೊಂದು ಹುಡುಗಿಯರಿಗೊಂದು ಫಲಿತಾಂಶ. ‘ಬಡತನವೇ ಎಲ್ಲಕ್ಕೂ ಕಾರಣ’ ಎಂಬ ಸರಳ ಉತ್ತರವೂ, ‘ಕುಟುಂಬದ ಸಂಸ್ಕಾರವೇ ಕಾರಣ’ ಎಂಬ ಉತ್ತರವೂ ಈ ಫಲಿತಾಂಶದ ಮುಂದೆ ತಡವರಿಸುತ್ತವೆ.

ತಾರತಮ್ಯವನ್ನು ನೇರವಾಗಿ ಹಿಡಿಯುವ ಪ್ರಯೋಗಗಳು ಇವೆಯೇ?

ಇವೆ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅವರು ಬೋಸ್ಟನ್ ಮತ್ತು ಷಿಕಾಗೊ ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳುಹಿಸಿದರು. ವಿದ್ಯಾರ್ಹತೆ, ಅನುಭವ ಎಲ್ಲವೂ ಹೋಲುವಂತಿದ್ದವು. ಕೆಲವು ಅರ್ಜಿಗಳ ಮೇಲೆ ಎಮಿಲಿ, ಗ್ರೆಗ್ ಎಂಬಂತಹ ಬಿಳಿಯರ ಹೆಸರು. ಇನ್ನು ಕೆಲವುಗಳ ಮೇಲೆ ಲಕೀಷಾ, ಜಮಾಲ್ ಎಂಬಂತಹ ಕಪ್ಪು ವರ್ಣೀಯರ ಹೆಸರು. ಬಿಳಿಯರ ಹೆಸರಿನ ಅರ್ಜಿಗಳಲ್ಲಿ ಶೇ 9.65ಕ್ಕೆ ಕರೆ ಬಂತು, ಕಪ್ಪು ವರ್ಣೀಯರ ಹೆಸರಿನವುಗಳಲ್ಲಿ ಶೇ 6.45ಕ್ಕೆ. ಇಲ್ಲಿ ಸರಿದೂಗಿಸಬೇಕಾದ್ದು ಏನೂ ಉಳಿದಿಲ್ಲ, ಏಕೆಂದರೆ ಹೆಸರಿನ ಹೊರತು ಬೇರೆ ವ್ಯತ್ಯಾಸವನ್ನು ಸಂಶೋಧಕರು ಉಳಿಸಿರಲೇ ಇಲ್ಲ.

ಸಮಾಜಶಾಸ್ತ್ರಜ್ಞೆ ದೇವಾ ಪೇಜರ್ 2003ರಲ್ಲಿ ಪ್ರಕಟಿಸಿದ ಮಿಲ್ವಾಕೀ ನಗರದ ಪ್ರಯೋಗದಲ್ಲಿ ಯುವಕರು ಖುದ್ದಾಗಿ ಕೆಲಸ ಕೇಳಿಕೊಂಡು ಹೋದರು. ಅಪರಾಧದ ದಾಖಲೆ ಇಲ್ಲದ ಬಿಳಿಯರಲ್ಲಿ ಶೇ 34 ಮಂದಿಗೆ ಮರಳಿ ಕರೆ ಬಂದರೆ, ಜೈಲಿಗೆ ಹೋಗಿ ಬಂದೆನೆಂದ ಬಿಳಿಯರಲ್ಲಿ ಶೇ 17 ಮಂದಿಗೆ ಬಂತು. ಯಾವ ದಾಖಲೆಯೂ ಇಲ್ಲದ ಕಪ್ಪು ಯುವಕರಿಗೆ ಬಂದದ್ದು ಶೇ 14, ದಾಖಲೆ ಇದ್ದವರಿಗೆ ಶೇ 5. ಜೈಲುವಾಸದ ಕಳಂಕವಿರುವ ಬಿಳಿಯನಿಗಿಂತ ನಿಷ್ಕಳಂಕ ಕಪ್ಪು ಯುವಕನಿಗೆ ಅವಕಾಶ ಕಡಿಮೆ ಎಂಬ ಆ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಇಂತಹ ಪ್ರಯೋಗಗಳಿಗೂ ಮಿತಿಯಿದೆ. ಅವು ಕದ ತಟ್ಟುವ ಹಂತವನ್ನು ಮಾತ್ರ ಅಳೆಯುತ್ತವೆ. ಸಂಬಳ, ಬಡ್ತಿ, ವಜಾಗಳ ಬಗ್ಗೆ ಮೌನವಾಗಿರುತ್ತವೆ. ಆದರೂ ಸಂಸ್ಥೆಗಳನ್ನು ಒಂದೊಂದಾಗಿ ಗುರುತಿಸುವಷ್ಟು ಅವು ಈಚೆಗೆ ಬೆಳೆದಿವೆ. ಅಮೆರಿಕದ 108 ದೊಡ್ಡ ಕಂಪನಿಗಳಿಗೆ ಸುಮಾರು 83,000 ಅರ್ಜಿಗಳನ್ನು ಕಳುಹಿಸಿದ 2022ರ ಅಧ್ಯಯನದಲ್ಲಿ, ಕಪ್ಪು ಅರ್ಜಿದಾರರು ಕಳೆದುಕೊಂಡ ಕರೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಐದನೇ ಒಂದು ಭಾಗದ ಕಂಪನಿಗಳೇ ಕಾರಣವೆಂದು ತಿಳಿದುಬಂತು. ಅಂದರೆ ತಾರತಮ್ಯ ಎಲ್ಲೆಡೆ ಸಮನಾಗಿ ಹರಡಿಲ್ಲ. ಉದ್ಯೋಗಕ್ಕೆ ಆಯ್ಕೆ ಮಾಡುವ ಪದ್ಧತಿ ಬದಲಾದಂತೆ ಅದೂ ಬದಲಾಗುತ್ತದೆ.

ವಸತಿ ಪ್ರತ್ಯೇಕತೆಯನ್ನು ಒಂದು ಸಂಖ್ಯೆಯಲ್ಲಿ ಹೇಳಲು ಸಾಧ್ಯವೇ?

ಸಾಧ್ಯ. 1955ರಿಂದ ಬಳಕೆಯಲ್ಲಿರುವ ಅಸಾದೃಶ್ಯ ಸೂಚ್ಯಂಕ ಅದಕ್ಕಾಗಿಯೇ ಇದೆ. ಒಂದು ಊರಿನಲ್ಲಿ 1,000 ಕಪ್ಪು ವರ್ಣೀಯರು, 4,000 ಬಿಳಿಯರು ಇದ್ದಾರೆಂದು ಇಟ್ಟುಕೊಳ್ಳಿ. ಪೂರ್ವದ ವಾರ್ಡಿನಲ್ಲಿ 800 ಕಪ್ಪು ವರ್ಣೀಯರು, 1,000 ಬಿಳಿಯರು. ಪಶ್ಚಿಮದ ವಾರ್ಡಿನಲ್ಲಿ 200 ಕಪ್ಪು ವರ್ಣೀಯರು, 3,000 ಬಿಳಿಯರು. ಕಪ್ಪು ವರ್ಣೀಯರಲ್ಲಿ ಶೇ 80, ಬಿಳಿಯರಲ್ಲಿ ಶೇ 25 ಪೂರ್ವದಲ್ಲಿದ್ದಾರೆ, ವ್ಯತ್ಯಾಸ 55. ಪಶ್ಚಿಮದಲ್ಲಿ ಶೇ 20 ಮತ್ತು ಶೇ 75. ವ್ಯತ್ಯಾಸ ಮತ್ತೆ 55. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸೂಚ್ಯಂಕ 55. ಎರಡೂ ವಾರ್ಡುಗಳಲ್ಲಿ ಒಂದೇ ಪ್ರಮಾಣದ ಮಿಶ್ರಣ ಬರಬೇಕಾದರೆ ಒಂದು ಗುಂಪಿನ ಶೇ 55 ಮಂದಿ ಮನೆ ಬದಲಿಸಬೇಕು ಎಂದು ಇದರ ಅರ್ಥ. ಸಾಮಾನ್ಯವಾಗಿ 60 ದಾಟಿದರೆ ತೀವ್ರ ಪ್ರತ್ಯೇಕತೆ ಎನ್ನುತ್ತಾರೆ. ಜನ ತಾವಾಗಿ ಆರಿಸಿಕೊಂಡರೋ, ಒತ್ತಾಯಕ್ಕೆ ಮಣಿದರೋ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ.

ಪೊಲೀಸರು ವಾಹನ ತಡೆಯುವಾಗ ಪಕ್ಷಪಾತ ಮಾಡುತ್ತಾರೆಂದು ಹೇಗೆ ತಿಳಿಯುತ್ತದೆ?

ಯಾವ ಬಣ್ಣದವರು ಎಷ್ಟು ವಾಹನ ಓಡಿಸುತ್ತಾರೆ, ಎಷ್ಟು ವೇಗವಾಗಿ ಓಡಿಸುತ್ತಾರೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲದಿರುವುದರಿಂದ ಸಂಶೋಧಕರು ಒಂದು ಜಾಣ ಉಪಾಯ ಮಾಡಿದರು. ಕತ್ತಲಾದ ಮೇಲೆ ಚಾಲಕನ ಮೈಬಣ್ಣ ದೂರದಿಂದ ಸುಲಭವಾಗಿ ಕಾಣುವುದಿಲ್ಲ. ಋತುವಿಗೆ ತಕ್ಕಂತೆ ಸೂರ್ಯಾಸ್ತದ ಸಮಯ ಬದಲಾಗುವುದರಿಂದ, ಸಂಜೆ 7 ಗಂಟೆ ಕೆಲವು ತಿಂಗಳುಗಳಲ್ಲಿ ಬೆಳಕು, ಕೆಲವು ತಿಂಗಳುಗಳಲ್ಲಿ ಕತ್ತಲು. ಅದೇ ಗಂಟೆಯಲ್ಲಿ ಬೆಳಕಿದ್ದಾಗ ಮತ್ತು ಕತ್ತಲಿದ್ದಾಗ ತಡೆಯಲ್ಪಟ್ಟವರನ್ನು ಹೋಲಿಸಬಹುದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಸುಮಾರು 10 ಕೋಟಿ ತಪಾಸಣೆಗಳ ದಾಖಲೆ ಸಂಗ್ರಹಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕತ್ತಲಾದ ಮೇಲೆ ತಡೆಯಲ್ಪಟ್ಟವರಲ್ಲಿ ಕಪ್ಪು ಚಾಲಕರ ಪಾಲು ಇಳಿಯುತ್ತಿತ್ತು. ಅವರ ವಾಹನ ಶೋಧಿಸಲು ಪೊಲೀಸರಿಗೆ ಬಿಳಿಯರಿಗಿಂತ ಕಡಿಮೆ ಅನುಮಾನವೇ ಸಾಕಾಗುತ್ತಿತ್ತು ಎಂಬುದೂ ಅದರಲ್ಲಿ ಕಂಡಿತು.

ದ್ವೇಷವೇ ಇಲ್ಲದ ಗಣಕಯಂತ್ರ ತಾರತಮ್ಯ ಮಾಡುವುದು ಹೇಗೆ ಸಾಧ್ಯ?

2019ರಲ್ಲಿ ಜಿಯಾದ್ ಒಬರ್‌ಮೆಯರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಬಿಡಿಸಿ ತೋರಿಸಿತು. ದೀರ್ಘಕಾಲದ ಕಾಯಿಲೆಯಿರುವವರಲ್ಲಿ ಹೆಚ್ಚುವರಿ ಆರೈಕೆ ಯಾರಿಗೆ ಬೇಕೆಂದು ಗುರುತಿಸಲು ಅಮೆರಿಕದ ಆಸ್ಪತ್ರೆಗಳು ಬಳಸುತ್ತಿದ್ದ ತಂತ್ರಾಂಶವೊಂದು ಪ್ರತಿ ರೋಗಿಗೂ ಅಂಕ ಕೊಡುತ್ತಿತ್ತು. ಅದಕ್ಕೆ ರೋಗಿಯ ಬಣ್ಣವನ್ನು ತಿಳಿಸಿಯೇ ಇರಲಿಲ್ಲ. ಆದರೆ ಕಾಯಿಲೆಯ ತೀವ್ರತೆಯನ್ನು ಅಳೆಯಲು ಅದು ಬಳಸುತ್ತಿದ್ದುದು ಚಿಕಿತ್ಸೆಗೆ ಆಗಬಹುದಾದ ಖರ್ಚನ್ನು. ಒಂದೇ ಕಾಯಿಲೆಯಿದ್ದರೂ ಕಪ್ಪು ರೋಗಿಗಳ ಮೇಲೆ ಖರ್ಚಾಗುವ ಹಣ ಕಡಿಮೆ. ಆಸ್ಪತ್ರೆ ದೂರ, ರಜೆ ಸಿಗುವುದಿಲ್ಲ, ವೈದ್ಯರ ಮೇಲೆ ನಂಬಿಕೆ ಕಡಿಮೆ, ವೈದ್ಯರ ಗಮನವೂ ಕಡಿಮೆ. ಖರ್ಚು ಕಡಿಮೆಯಾದ್ದರಿಂದ ಅವರು ಆರೋಗ್ಯವಂತರು ಎಂದು ಯಂತ್ರ ತೀರ್ಮಾನಿಸಿತು. ಹೀಗಾಗಿ ಒಂದೇ ಅಂಕ ಪಡೆದವರಲ್ಲಿ ಕಪ್ಪು ರೋಗಿಗಳ ಕಾಯಿಲೆಯೇ ಹೆಚ್ಚು ಉಲ್ಬಣಿಸಿರುತ್ತಿತ್ತು. ಈ ದೋಷವನ್ನು ತೆಗೆದರೆ ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಕಪ್ಪು ರೋಗಿಗಳ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತದೆಂದು ಸಂಶೋಧಕರು ಲೆಕ್ಕ ಹಾಕಿದರು.

ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೂ ಬಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಕಥೆಯೂ ಇದೇ ಜಾತಿಯದು. ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಕುಸಿದಿದ್ದರೂ ಯಂತ್ರ ಸರಿಯಿದೆ ಎಂದು ತೋರಿಸುವ ಸಂಭವ ಕಪ್ಪು ರೋಗಿಗಳಲ್ಲಿ ಬಿಳಿಯರ ಸುಮಾರು ಮೂರು ಪಟ್ಟಿತ್ತೆಂದು 2020ರ ಅಧ್ಯಯನವೊಂದು ತಿಳಿಸಿತು. ಚರ್ಮದ ಬಣ್ಣ ದಟ್ಟವಾದಂತೆ ಅದರ ಮೂಲಕ ಹಾಯುವ ಬೆಳಕಿನ ಅಳತೆ ತಪ್ಪುತ್ತದೆ. ಉಪಕರಣ ತಯಾರಿಸಿದವರು ಕಪ್ಪು ಚರ್ಮದ ಮೇಲೆ ಸಾಕಷ್ಟು ಪರೀಕ್ಷಿಸಿರಲಿಲ್ಲ. ಇಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ, ಆದರೆ ಚಿಕಿತ್ಸೆ ತಡವಾಗುವುದು ಮಾತ್ರ ನಿಜ.

ಇಂತಹ ಅಂಕಿಅಂಶಗಳನ್ನು ಅಮೆರಿಕದ ನ್ಯಾಯಾಲಯಗಳು ಒಪ್ಪುತ್ತವೆಯೇ?

ಕೆಲವು ಕಡೆ ಒಪ್ಪುತ್ತವೆ, ಕೆಲವು ಕಡೆ ಇಲ್ಲ. 1971ರ ಗ್ರಿಗ್ಸ್ ಪ್ರಕರಣದಲ್ಲಿ, ಉತ್ತರ ಕ್ಯಾರೊಲಿನಾದ ವಿದ್ಯುತ್ ಕಂಪನಿಯೊಂದು ಕೆಲಸಕ್ಕೆ ಸಂಬಂಧವೇ ಇಲ್ಲದ ಪ್ರೌಢಶಾಲಾ ಪ್ರಮಾಣಪತ್ರ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿ ಕಪ್ಪು ಕಾರ್ಮಿಕರನ್ನು ಹೊರಗಿಟ್ಟದ್ದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿತು. ಉದ್ದೇಶ ಏನೇ ಇದ್ದರೂ ಪರಿಣಾಮವನ್ನು ನೋಡಬೇಕೆಂಬ ತತ್ವ ಅಲ್ಲಿ ನೆಲೆಗೊಂಡಿತು. 1978ರ ಸರ್ಕಾರಿ ಮಾರ್ಗಸೂಚಿ ಇದಕ್ಕೊಂದು ಅಳತೆಗೋಲು ಕೊಟ್ಟಿತು: ಒಂದು ಗುಂಪಿನ ಆಯ್ಕೆಯ ಪ್ರಮಾಣ ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಐದನೇ ನಾಲ್ಕು ಭಾಗಕ್ಕಿಂತ ಕಡಿಮೆಯಿದ್ದರೆ ಪರಿಶೀಲನೆ ಅಗತ್ಯ. ನೂರು ಬಿಳಿಯರಲ್ಲಿ 60 ಮಂದಿ, ಐವತ್ತು ಕಪ್ಪು ವರ್ಣೀಯರಲ್ಲಿ 20 ಮಂದಿ ಆಯ್ಕೆಯಾದರೆ ಪ್ರಮಾಣ ಶೇ 60 ಮತ್ತು ಶೇ 40. 40 ಎಂಬುದು 60ರ ಶೇ 67 ಮಾತ್ರ, ಹಾಗಾಗಿ ಕಂಪನಿ ವಿವರಣೆ ಕೊಡಬೇಕು.

ಜೀವ ಹೋಗುವ ವಿಷಯದಲ್ಲಿ ಇದೇ ಉದಾರತೆ ಕಾಣಲಿಲ್ಲ. ಮರಣದಂಡನೆಗೆ ಗುರಿಯಾಗಿದ್ದ ಕಪ್ಪು ವರ್ಣೀಯ ವಾರೆನ್ ಮೆಕ್ಲೆಸ್ಕಿಯ 1987ರ ಪ್ರಕರಣದಲ್ಲಿ ಜಾರ್ಜಿಯಾ ರಾಜ್ಯದ 2,000ಕ್ಕೂ ಹೆಚ್ಚು ಕೊಲೆ ಪ್ರಕರಣಗಳ ಅಧ್ಯಯನವನ್ನು ನ್ಯಾಯಾಲಯದ ಮುಂದಿಡಲಾಯಿತು. ಹತರಾದವರು ಬಿಳಿಯರಾಗಿದ್ದರೆ ಮರಣದಂಡನೆಯ ಸಂಭವ 4.3 ಪಟ್ಟು ಹೆಚ್ಚೆಂದು ಅದು ತೋರಿಸಿತ್ತು. ಐದು–ನಾಲ್ಕರ ಬಹುಮತದಿಂದ ಸುಪ್ರೀಂ ಕೋರ್ಟ್ ಅದನ್ನು ಸಾಲದೆಂದಿತು. ಈ ಆರೋಪಿಯ ಪ್ರಕರಣದಲ್ಲೇ ಉದ್ದೇಶಪೂರ್ವಕ ತಾರತಮ್ಯ ನಡೆದುದನ್ನು ತೋರಿಸಬೇಕಿತ್ತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಲೂಯಿಸ್ ಪೊವೆಲ್ ನಿವೃತ್ತರಾದ ಮೇಲೆ, ಬದಲಿಸಬಹುದಾಗಿದ್ದರೆ ಈ ಪ್ರಕರಣದಲ್ಲಿ ತಮ್ಮ ಮತವನ್ನು ಬದಲಿಸುತ್ತಿದ್ದೆ ಎಂದರು. ವಾರೆನ್ ಮೆಕ್ಲೆಸ್ಕಿಯ ಮರಣದಂಡನೆ 1991ರಲ್ಲಿ ಜಾರಿಯಾಗಿತ್ತು.

ಈಗ ಗಾಳಿ ಮತ್ತೆ ತಿರುಗಿದೆ. ಪರಿಣಾಮವನ್ನು ಆಧರಿಸಿದ ತಾರತಮ್ಯದ ಪ್ರಕರಣಗಳನ್ನು ಕೈಬಿಡುವ ದಿಕ್ಕಿನಲ್ಲಿ ಫೆಡರಲ್ ಇಲಾಖೆಗಳಿಗೆ ಅಧ್ಯಕ್ಷ ಟ್ರಂಪ್ 2025ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದ್ದಾರೆ.

ಭಾರತೀಯ ಮೂಲದವರು ಬಿಳಿಯರಿಗಿಂತ ಹೆಚ್ಚು ಗಳಿಸುತ್ತಾರಲ್ಲ? ತಾರತಮ್ಯವಿದ್ದರೆ ಇದು ಹೇಗೆ ಸಾಧ್ಯ?

ಅಮೆರಿಕದಲ್ಲಿರುವ ಕನ್ನಡಿಗರ ನಡುವೆ ಈ ಪ್ರಶ್ನೆ ಬಹಳ ಕೇಳಿಬರುತ್ತದೆ. ಉತ್ತರ ವಲಸೆಯ ಬಾಗಿಲಲ್ಲಿದೆ. 1923ರಲ್ಲಿ ಭಗತ್ ಸಿಂಗ್ ಥಿಂದ್ ಪ್ರಕರಣದಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಥಿಂದ್ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. 1946ರ ಕಾಯ್ದೆ ಪೌರತ್ವದ ದಾರಿ ತೆರೆಯಿತು, 1965ರ ವಲಸೆ ಕಾಯ್ದೆ ವೈದ್ಯರು, ಎಂಜಿನಿಯರುಗಳು, ವಿಜ್ಞಾನಿಗಳಿಗೆ ಬಾಗಿಲು ತೆಗೆಯಿತು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಪದವಿ ಹಿಡಿದು ಹೋದವರು ಇಲ್ಲಿಯ ಸಮಾಜದ ಸಣ್ಣದೊಂದು ಆಯ್ದ ಪದರದವರು. ಅವರ ಆದಾಯವನ್ನು ಆಯ್ಕೆಯ ಜರಡಿ ಹಿಡಿಯದೆ ಹುಟ್ಟಿದ ನಾಡಿನಲ್ಲೇ ಇರುವ ಇಡೀ ಕಪ್ಪು ಸಮುದಾಯದ ಆದಾಯದೊಂದಿಗೆ ಹೋಲಿಸುವುದು ಸರಿಯಾದ ಅಳತೆಯಲ್ಲ. ನಮ್ಮವರ ದುಡಿಮೆ, ಜಾಣ್ಮೆಗಳನ್ನು ಕಡಿಮೆ ಮಾಡಿ ಹೇಳುವ ಮಾತಲ್ಲ ಇದು. ಕಪ್ಪು ವರ್ಣೀಯರ ಹೋರಾಟದ ಫಲವಾದ ಕಾನೂನುಗಳ ನೆರಳಿನಲ್ಲೇ ಆ ದುಡಿಮೆಗೆ ಬೆಲೆ ಸಿಕ್ಕಿತು ಎಂಬುದನ್ನು ನಾವು ಮರೆಯಬಾರದು.

ಬಣ್ಣವನ್ನು ಎಣಿಸುವುದರಿಂದಲೇ ಸಮಾಜ ಒಡೆಯುವುದಿಲ್ಲವೇ?

ಈ ಆತಂಕದಿಂದಲೇ ಫ್ರಾನ್ಸ್ ತನ್ನ ಜನಗಣತಿಯಲ್ಲಿ ಜನಾಂಗವನ್ನು ಕೇಳುವುದಿಲ್ಲ. ಆದರೆ ಅಲ್ಲಿಯ ಉಪನಗರಗಳ ವಲಸಿಗ ಯುವಕರು ತಾರತಮ್ಯದ ದೂರು ಹೇಳಿದಾಗ ಅದು ನಿಜವೋ ಸುಳ್ಳೋ ಎಂದು ತೋರಿಸಲು ಸರ್ಕಾರದ ಬಳಿಯೂ ನೇರ ದಾಖಲೆ ಇರುವುದಿಲ್ಲ. ಎಣಿಸದೆ ಇದ್ದರೆ ಅಂತರ ಕಾಣುವುದಿಲ್ಲ ಅಷ್ಟೇ, ಇಲ್ಲವಾಗುವುದಿಲ್ಲ.

ಇದೇ ವಿಧಾನಗಳಿಂದ ಜಾತಿ ತಾರತಮ್ಯವನ್ನು ಅಳೆಯಬಹುದೇ?

ಜನಾಂಗ ಮತ್ತು ಜಾತಿ ಒಂದೇ ಅಲ್ಲ, ಆದರೆ ಅಳತೆಯ ತರ್ಕ ಒಂದೇ. ನಮ್ಮಲ್ಲಿ ಈ ಕೆಲಸ ಬಹಳ ಹಿಂದೆಯೇ ಆರಂಭವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1918ರಲ್ಲಿ ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ, ಯಾವ ಸಮುದಾಯದ ಜನಸಂಖ್ಯೆ ಎಷ್ಟು, ಸರ್ಕಾರಿ ಹುದ್ದೆಗಳಲ್ಲಿ ಅದರ ಪಾಲು ಎಷ್ಟು ಎಂದು ನೋಡಿಯೇ 1919ರಲ್ಲಿ ಬ್ರಾಹ್ಮಣೇತರರಿಗೆ ಹುದ್ದೆಗಳನ್ನು ಮೀಸಲಿಡುವ ಶಿಫಾರಸು ಮಾಡಿತು. ಹೆಸರು ಬದಲಿಸಿ ಅರ್ಜಿ ಹಾಕುವ ಪ್ರಯೋಗವೂ ಭಾರತದಲ್ಲಿ ನಡೆದಿದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳು ಹೋದವು. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡು ಭಾಗ, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದು ಭಾಗ ಮಾತ್ರವಿತ್ತು. ಲಕೀಷಾಳ ಅರ್ಜಿಯನ್ನು ಬದಿಗಿಟ್ಟ ಕೈಗಳ ಬಗ್ಗೆ ಓದುವಾಗ ಈ ಅಂಕಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಕನ್ನಡ ಓದುಗರಾದ ನಮ್ಮ ಕರ್ತವ್ಯ.

ಇಂತಹ ವರದಿಯನ್ನು ಓದುವಾಗ ಮೊದಲು ಏನನ್ನು ನೋಡಬೇಕು?

ಯಾರನ್ನು ಯಾರೊಂದಿಗೆ ಹೋಲಿಸಿದ್ದಾರೆ, ಲೆಕ್ಕ ಯಾವ ಹಂತದಲ್ಲಿ ಶುರುವಾಗಿದೆ ಎಂಬುದನ್ನು ನೋಡಿ. ಅರ್ಜಿ ಹಾಕಿದವರಿಂದ ಶುರುವಾದ ಲೆಕ್ಕ, ಅರ್ಜಿ ಹಾಕುವ ಧೈರ್ಯವನ್ನೇ ಮಾಡದವರನ್ನು ಬಿಟ್ಟಿರುತ್ತದೆ. ಏನನ್ನು ಸರಿದೂಗಿಸಿದ್ದಾರೆ, ಆ ಅಂಶವೇ ಹಿಂದಿನ ತಾರತಮ್ಯದ ಫಲವಾಗಿರಬಹುದೇ ಎಂದು ಕೇಳಿಕೊಳ್ಳಿ. ಶೇಕಡಾವಾರು ಅಂಕಿಯ ಜೊತೆಗೆ ಮೂಲ ಸಂಖ್ಯೆ ಇದೆಯೇ ಎಂದು ಗಮನಿಸಿ. ಹತ್ತು ಮಂದಿಯಲ್ಲಿ ಇಬ್ಬರು ಮೂವರಾದರೆ ಅದನ್ನೂ ಶೇ 50ರ ಏರಿಕೆ ಎನ್ನಬಹುದು. ಬೇರೆ ಬೇರೆ ವಿಭಾಗಗಳನ್ನು ಒಟ್ಟು ಸೇರಿಸಿದ ಮೊತ್ತವೊಂದನ್ನೇ ಕೊಟ್ಟಿದ್ದರೆ ವಿಭಾಗವಾರು ಅಂಕಿಗಳನ್ನು ಹುಡುಕಿ, ಏಕೆಂದರೆ ಒಟ್ಟಿನಲ್ಲಿ ಕಾಣುವ ಅಂತರ ವಿಭಾಗಗಳಲ್ಲಿ ಅಳಿಸಿಹೋಗುವುದೂ ಉಂಟು, ಒಟ್ಟಿನಲ್ಲಿ ಕಾಣದ್ದು ವಿಭಾಗಗಳಲ್ಲಿ ಎದ್ದು ಕಾಣುವುದೂ ಉಂಟು. ಅಂಕಿಗಳನ್ನು ಪ್ರಕಟಿಸಿದ ಸಂಸ್ಥೆಯೇ ಅಂತರಕ್ಕೆ ಕಾರಣವಾದ ಸಂಸ್ಥೆಯೂ ಆಗಿದ್ದರೆ, ಮೂಲ ದತ್ತಾಂಶವನ್ನು ಹೊರಗಿನವರು ಪರಿಶೀಲಿಸಲು ಬಿಟ್ಟಿದ್ದಾರೆಯೇ ಎಂದು ತಪ್ಪದೆ ನೋಡಿ.